ನೀರಿಗೆ ಅಂಜದ ಬಟ್ಟೆ

ಸೀರೆಗೆ ಫಾಲ್ ಹೊಲಿಯುವವರು ಇಂದಿಗೂ ಫಾಲಿನ ಪಟ್ಟಿಯನ್ನು ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ, ಆಮೇಲೆ ಸೂಜಿ ಹಿಡಿಯುತ್ತಾರೆ. ರವಿಕೆಯ ಒಳಗೆ ಕೊಡುವ ಲೈನಿಂಗ್ ಬಟ್ಟೆಗೂ ಇದೇ ಕ್ರಮ. ಆದರೆ ಅಂಗಿಯ ಪೀಸನ್ನು ನೆನೆಸಿ ತನ್ನಿ ಎಂದು ಟೈಲರ್ ಈಗ ಹೇಳುವುದಿಲ್ಲ. ನಲವತ್ತು ಐವತ್ತು ವರ್ಷಗಳ ಹಿಂದೆ ಹಾಗೆ ಹೇಳುವುದು ವಾಡಿಕೆಯಾಗಿತ್ತು. ಮಕ್ಕಳ ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿ, ಅಂಚಿನಲ್ಲಿ ಮಡಿಕೆ ಬಿಟ್ಟು ಹೊಲಿಸುತ್ತಿದ್ದುದಕ್ಕೆ ಮಗು ಬೆಳೆಯುತ್ತದೆ ಎಂಬುದು ಒಂದು ಕಾರಣವಾದರೆ, ಬಟ್ಟೆ ಕುಗ್ಗುತ್ತದೆ ಎಂಬುದು ಇನ್ನೊಂದು. ಬಣ್ಣದ ಬಟ್ಟೆಯನ್ನು ಬಿಳಿ ಪಂಚೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕಬಾರದೆಂಬುದು ಮನೆಯ ಚಿಕ್ಕವರಿಗೂ ಗೊತ್ತಿತ್ತು. ಹತ್ತಿಯ ಅಂಗಿಯನ್ನು ಒಗೆದರೆ ಗಂಜಿಯೂ ಬೇಕಿತ್ತು, ಇಸ್ತ್ರಿಯೂ ಬೇಕಿತ್ತು.

ಕುಗ್ಗುವುದು, ಬಣ್ಣ ಬಿಡುವುದು, ಮುದುರುವುದು, ಬೆವರಿಗೆ ಅಂಟಿಕೊಳ್ಳುವುದು ಇವೆಲ್ಲ ಬೇರೆ ಬೇರೆ ತೊಂದರೆಗಳಂತೆ ಕಂಡರೂ ಇವುಗಳ ಬೇರು ಒಂದೇ ಕಡೆ ಇದೆ. ನಾರಿನೊಳಗೆ ನೀರು ಹೊಕ್ಕಾಗ, ಅಥವಾ ಹೊಗಲು ಆಗದಿದ್ದಾಗ, ಏನಾಗುತ್ತದೆ ಎಂಬುದೇ ಆ ಬೇರು. ಕಳೆದ ಐದಾರು ದಶಕಗಳಲ್ಲಿ ನಿತ್ಯದ ಉಡುಪು ಸುಧಾರಿಸಿದ್ದು ಯಾವುದೋ ಪವಾಡದ ನಾರು ಬಂದುದರಿಂದ ಎಂದು ಜಾಹೀರಾತುಗಳು ನಂಬಿಸಲು ನೋಡುತ್ತವೆ. ನಿಜದಲ್ಲಿ ಆ ಸುಧಾರಣೆಯ ಬಹುಪಾಲು ನೀರು ಮತ್ತು ನಾರಿನ ಸಂಬಂಧವನ್ನು ಒಂದೊಂದಾಗಿ ಹತೋಟಿಗೆ ತಂದುದರ ಫಲ. ಅದಕ್ಕೆ ತೆತ್ತ ಬೆಲೆಯೂ ಹೆಚ್ಚಾಗಿ ನೀರಿನಲ್ಲೇ, ಅಂದರೆ ಹಳ್ಳ ಹೊಳೆಗಳಲ್ಲೇ, ಕಾಣಿಸಿಕೊಂಡಿದೆ.

ಕುಗ್ಗುವಿಕೆಯ ಲೆಕ್ಕ

ಹತ್ತಿಯ ನಾರು ಬಹುತೇಕ ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಘಟಕಗಳು ಕೊಂಡಿ ಹಾಕಿಕೊಂಡು ಆದ ಉದ್ದನೆಯ ಸರಪಳಿಗಳು ಅದರಲ್ಲಿ ಅಕ್ಕಪಕ್ಕ ಮಲಗಿರುತ್ತವೆ. ಪ್ರತಿ ಘಟಕದಲ್ಲೂ ಮೂರು ಹೈಡ್ರಾಕ್ಸಿಲ್ ಗುಂಪುಗಳಿದ್ದು (ಒಂದು ಆಮ್ಲಜನಕ, ಒಂದು ಜಲಜನಕ ಪರಮಾಣುವಿನ ಜೋಡಿ), ಇವು ಪಕ್ಕದ ಸರಪಳಿಯ ಗುಂಪುಗಳೊಂದಿಗೆ ಹೈಡ್ರೋಜನ್ ಬಂಧ ಎಂಬ ಸಡಿಲವಾದ ನಂಟನ್ನು ಬೆಳೆಸುತ್ತವೆ. ಕೆಲವೆಡೆ ಸರಪಳಿಗಳು ಒತ್ತೊತ್ತಾಗಿ ಸಾಲುಗೂಡಿರುವುದರಿಂದ ಅಲ್ಲಿಗೆ ನೀರಿಗೆ ಪ್ರವೇಶವಿಲ್ಲ. ಉಳಿದೆಡೆ ಅವು ಅಡ್ಡಾದಿಡ್ಡಿಯಾಗಿದ್ದು, ನೀರಿನ ಅಣುಗಳು ಸಲೀಸಾಗಿ ನುಸುಳಿ, ಇದ್ದ ಬಂಧಗಳನ್ನು ಬಿಡಿಸಿ, ತಾವೇ ನಡುವೆ ಕೂರುತ್ತವೆ. ಒಣಗಿದೆ ಎಂದು ನಾವು ಮಡಚಿ ಇಡುವ ಹತ್ತಿ ಬಟ್ಟೆ ಕೂಡ ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇ. 7ರಿಂದ 8ರಷ್ಟು ನೀರನ್ನು ಹಿಡಿದುಕೊಂಡೇ ಇರುತ್ತದೆ. ಪಾಲಿಸ್ಟರ್ ಹಿಡಿಯುವುದು ಶೇ. 0.4ರಷ್ಟು ಮಾತ್ರ. ಈ ಎರಡು ಅಂಕಿಗಳ ಅಂತರ ಈ ಲೇಖನದುದ್ದಕ್ಕೂ ಕೆಲಸ ಮಾಡುತ್ತದೆ.

ನೆಂದ ಹತ್ತಿಯ ನಾರು ಅಡ್ಡಕ್ಕೆ ಉಬ್ಬುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ನಾರು ಗಿಡ್ಡವಾಗದೆ ಬಟ್ಟೆ ಗಿಡ್ಡವಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ನೇಯ್ಗೆಯಲ್ಲಿದೆ. ಉದ್ದಕ್ಕಿರುವ ಹಾಸಿನ ಎಳೆ ಅಡ್ಡಕ್ಕಿರುವ ಹೊಕ್ಕಿನ ಎಳೆಗಳ ಮೇಲೊಮ್ಮೆ ಕೆಳಗೊಮ್ಮೆ ಹಾದು ಮುಂದೆ ಸಾಗುತ್ತದೆ. ಹೊಕ್ಕಿನ ಎಳೆ ಉಬ್ಬಿದರೆ ಅದನ್ನು ಬಳಸಿ ಬರಲು ಹಾಸಿನ ಎಳೆಗೆ ಹೆಚ್ಚು ಉದ್ದ ಬೇಕಾಗುತ್ತದೆ. ಉದ್ದ ಇದ್ದಷ್ಟೇ ಇರುವುದರಿಂದ ಹೊಕ್ಕಿನ ಎಳೆಗಳು ಒಂದಕ್ಕೊಂದು ಹತ್ತಿರ ಸರಿಯದೆ ಬೇರೆ ದಾರಿಯಿಲ್ಲ. ಇದರ ಜೊತೆಗೆ ಗಿರಣಿಯ ಪಾಲೂ ಇದೆ. ಮಗ್ಗದ ಮೇಲೆ ಹಾಸನ್ನು ಬಿಗಿಯಾಗಿ ಎಳೆದೇ ನೇಯಬೇಕು. ಅನಂತರ ಬಿಳುಪು ಮಾಡುವಾಗ, ಬಣ್ಣ ಕಟ್ಟುವಾಗ ಬಟ್ಟೆ ಉರುಳೆಗಳ ನಡುವೆ ಮತ್ತೆ ಮತ್ತೆ ಜಗ್ಗಿಸಿಕೊಳ್ಳುತ್ತದೆ. ಮನೆಯ ಬಕೆಟ್ಟಿನಲ್ಲಿ ಮೊದಲ ಬಾರಿಗೆ ನೀರು ಸೋಕಿದಾಗ ಆ ಬಿಗಿತವೆಲ್ಲ ಸಡಿಲಗೊಂಡು ಬಟ್ಟೆ ತನ್ನ ಸಹಜ ಅಳತೆಗೆ ಮರಳುತ್ತದೆ. ಪ್ಯಾಂಟು ಸೊಂಟದಲ್ಲಿ ಸರಿಯಿದ್ದು ಕಾಲಿನಲ್ಲಿ ಗಿಡ್ಡವಾಗುತ್ತಿದ್ದುದು ಈ ಕಾರಣಕ್ಕೆ.

ಹೇಗಿದ್ದರೂ ಕುಗ್ಗುವ ಬಟ್ಟೆಯನ್ನು ಮಾರುವ ಮೊದಲೇ ಕುಗ್ಗಿಸಿಬಿಡಬಾರದೇಕೆ ಎಂಬ ಸರಳ ಯೋಚನೆಯನ್ನು 1930ರ ಆಸುಪಾಸಿನಲ್ಲಿ ಯಂತ್ರವಾಗಿಸಿದವರು ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್. ಅವರ ವಿಧಾನದ ಇಂದಿನ ರೂಪದಲ್ಲಿ, ಹಬೆಯಿಂದ ತುಸು ತೇವಗೊಂಡ ಬಟ್ಟೆ ದಪ್ಪನೆಯ ರಬ್ಬರ್ ಪಟ್ಟಿಯೊಂದಕ್ಕೆ ಒತ್ತಿಕೊಂಡು ಸಾಗುತ್ತದೆ. ಪಟ್ಟಿ ಉರುಳೆಯನ್ನು ಸುತ್ತುವಾಗ ಅದರ ಹೊರಮೈ ಹಿಗ್ಗಿರುತ್ತದೆ. ಆ ಹಿಗ್ಗಿದ ಮೈಗೆ ಬಟ್ಟೆ ಕಚ್ಚಿಕೊಳ್ಳುತ್ತದೆ. ತಿರುವು ಮುಗಿದು ಪಟ್ಟಿ ನೇರವಾದೊಡನೆ ಹೊರಮೈ ಕುಗ್ಗುತ್ತದೆ, ಅದರೊಂದಿಗೆ ಬಟ್ಟೆಯೂ ಉದ್ದುದ್ದಕ್ಕೆ ಒತ್ತಿಕೊಂಡು ಹೊಕ್ಕಿನ ಎಳೆಗಳು ಹತ್ತಿರ ಸೇರುತ್ತವೆ. ಬಿಸಿ ಉರುಳೆಯ ಮೇಲೆ ಒಣಗಿದ ಬಳಿಕ ಅದೇ ಅಳತೆ ನಿಲ್ಲುತ್ತದೆ. ಹೀಗೆ ಹದಗೊಂಡ ಬಟ್ಟೆಯಲ್ಲಿ ಉಳಿಯುವ ಕುಗ್ಗುವಿಕೆ ಶೇ. 1ರ ಆಸುಪಾಸಿನದು. ಹಿಂದೆ ಒಳ್ಳೆಯ ಮಿಲ್ ಬಟ್ಟೆಯ ಅಂಚಿನಲ್ಲಿ ‘ಸ್ಯಾನ್‌ಫರೈಸ್ಡ್’ ಎಂಬ ಮುದ್ರೆ ಇರುತ್ತಿತ್ತು, ಅಂಗಡಿಯವನು ಅದನ್ನು ಬೆರಳಿಟ್ಟು ತೋರಿಸುತ್ತಿದ್ದ. ಈಗ ಆ ಮುದ್ರೆ ಕಾಣುವುದಿಲ್ಲ, ಏಕೆಂದರೆ ಅದು ಹೇಳಿಕೊಳ್ಳಬೇಕಾದ ವಿಶೇಷವಾಗಿ ಉಳಿದಿಲ್ಲ.

ಹಾಗಾದರೆ ಫಾಲ್ ಮತ್ತು ಲೈನಿಂಗ್ ಬಟ್ಟೆ ಏಕೆ ಇನ್ನೂ ಕುಗ್ಗುತ್ತವೆ? ಇದು ತಂತ್ರಜ್ಞಾನದ ಪ್ರಶ್ನೆಯಲ್ಲ, ದುಡ್ಡಿನ ಪ್ರಶ್ನೆ. ಮೀಟರ್ ಲೆಕ್ಕದಲ್ಲಿ ಮಾರುವ ಗಿರಣಿಗೆ ನೂರು ಮೀಟರ್ ಬಟ್ಟೆ ಯಂತ್ರದಿಂದ ಹೊರಬರುವಾಗ ತೊಂಬತ್ತೈದಾಗುವುದೆಂದರೆ ನೇರ ನಷ್ಟ. ಬೆಲೆಯೇ ಮುಖ್ಯವಾದ ಅಗ್ಗದ ಬಟ್ಟೆಯಲ್ಲಿ ಆ ಐದು ಮೀಟರನ್ನು ಕಳೆದುಕೊಳ್ಳುವ ಕೆಲಸವನ್ನು ಗಿರಾಕಿಯ ಬಕೆಟ್ಟಿಗೇ ಬಿಡಲಾಗುತ್ತದೆ. ಟೀ ಶರ್ಟಿನ ಹೆಣಿಗೆ ಬಟ್ಟೆಯ ಕಥೆ ತುಸು ಬೇರೆ. ಅದರಲ್ಲಿ ಹಾಸು ಹೊಕ್ಕುಗಳಿಲ್ಲ, ಒಂದರೊಳಗೊಂದು ಸಿಕ್ಕಿಸಿದ ಕುಣಿಕೆಗಳಿವೆ. ಎಳೆದಾಗ ಉದ್ದವಾಗುವ ಕುಣಿಕೆ ನೆಂದಾಗ ಗುಂಡಗಾಗುವುದರಿಂದ ಅಂಗಿ ಗಿಡ್ಡವೂ ಅಗಲವೂ ಆಗುತ್ತದೆ. ಹೆಣಿಗೆ ಬಟ್ಟೆಯನ್ನು ಮೊದಲೇ ಒತ್ತಿ ಸೇರಿಸುವ ಯಂತ್ರಗಳು ತಡವಾಗಿ ಬಂದವು. ಅಗ್ಗದ ಟೀ ಶರ್ಟು ನಾಲ್ಕು ಸಲ ಒಗೆಯುವಷ್ಟರಲ್ಲಿ ಹೊಕ್ಕುಳ ತನಕ ಏರುವುದು ಇನ್ನೂ ಪೂರ್ತಿ ನಿಂತಿಲ್ಲ.

ಬಣ್ಣ ಹಿಡಿದು ನಿಂತದ್ದು

ಹಳೆಯ ಅಗ್ಗದ ಬಣ್ಣಗಳಲ್ಲಿ ಹೆಚ್ಚಿನವು ನಾರಿನೊಳಗೆ ಹೋಗಿ ಸುಮ್ಮನೆ ಕುಳಿತಿರುತ್ತಿದ್ದವು. ಬಣ್ಣದ ಅಣು ಉದ್ದವಾಗಿ ಚಪ್ಪಟೆಯಾಗಿದ್ದರೆ ಸೆಲ್ಯುಲೋಸ್ ಸರಪಳಿಗೆ ಅಂಟಿಕೊಂಡಂತಿರುತ್ತದೆ, ಆದರೆ ಆ ಅಂಟು ದುರ್ಬಲ. ಬಂದ ದಾರಿಯಲ್ಲೇ ನೀರಿನೊಡನೆ ಹೊರಟುಹೋಗುತ್ತದೆ. ಇಂಡಿಗೊ ಮತ್ತು ಅದರ ಬಳಗದ ಬಣ್ಣಗಳು ಇದಕ್ಕಿಂತ ಗಟ್ಟಿ, ಏಕೆಂದರೆ ಅವನ್ನು ಕರಗುವ ರೂಪದಲ್ಲಿ ನಾರಿಗೆ ಸೇರಿಸಿ ಆಮೇಲೆ ಗಾಳಿಗೊಡ್ಡಿ ಕರಗದ ರೂಪಕ್ಕೆ ತಿರುಗಿಸಲಾಗುತ್ತದೆ. ಆದರೆ ಅವುಗಳ ಕೆಲಸ ತೊಡಕಿನದು, ಮತ್ತು ಎದ್ದುಕಾಣುವ ಕೆಂಪು, ಗಿಳಿಹಸಿರುಗಳನ್ನು ಅಗ್ಗವಾಗಿ ಕೊಡಲು ಅವುಗಳಿಂದ ಆಗುತ್ತಿರಲಿಲ್ಲ.

ಬ್ರಿಟನ್ನಿನ ಐಸಿಐ ಕಂಪನಿಯಲ್ಲಿದ್ದ ಇಯಾನ್ ರ‍್ಯಾಟಿ ಮತ್ತು ವಿಲಿಯಂ ಸ್ಟೀಫನ್ 1950ರ ದಶಕದ ಮಧ್ಯದಲ್ಲಿ ಕಂಡುಕೊಂಡ ಉಪಾಯ ಬೇರೆ ಬಗೆಯದು. ಬಣ್ಣದ ಅಣುವಿಗೆ ರಾಸಾಯನಿಕವಾಗಿ ಚುರುಕಾದ ಒಂದು ತುದಿಯನ್ನು ಜೋಡಿಸಿದರೆ, ಕ್ಷಾರದ ಸಹಾಯದಿಂದ ಅದು ಸೆಲ್ಯುಲೋಸ್‌ನ ಹೈಡ್ರಾಕ್ಸಿಲ್ ಗುಂಪಿನೊಂದಿಗೆ ಗಟ್ಟಿಯಾದ ಸಹವೇಲೆನ್ಸಿ ಬಂಧ ಬೆಳೆಸುತ್ತದೆ. ಬಣ್ಣವು ನಾರಿನ ಅಣುವಿನದೇ ಭಾಗವಾಗುತ್ತದೆ. 1956ರಲ್ಲಿ ‘ಪ್ರೋಸಿಯಾನ್’ ಹೆಸರಿನಲ್ಲಿ ಈ ಬಣ್ಣಗಳು ಮಾರುಕಟ್ಟೆಗೆ ಬಂದವು. ಮೊದಲ ಕೃತಕ ಬಣ್ಣವಾದ ಮೋವ್ ಅನ್ನು ಪರ್ಕಿನ್ ತಯಾರಿಸಿ ಆಗ ಸರಿಯಾಗಿ ನೂರು ವರ್ಷ ತುಂಬಿತ್ತು. ರಿಯಾಕ್ಟಿವ್ ಬಣ್ಣಗಳೆಂದು ಹೆಸರಾದ ಇವೇ ಇಂದಿನ ಬಹುತೇಕ ಹತ್ತಿ ಉಡುಪಿನ ಬಣ್ಣಗಳು. ಬಾಟಿಕ್ ತರಗತಿಗಳಲ್ಲಿ ಉಪ್ಪು, ವಾಷಿಂಗ್ ಸೋಡ ಎರಡನ್ನೂ ಹಾಕಿಸುವುದು ಈ ಬಣ್ಣಗಳಿಗಾಗಿಯೇ: ಉಪ್ಪು ಬಣ್ಣವನ್ನು ನೀರಿನಿಂದ ನಾರಿನತ್ತ ತಳ್ಳುತ್ತದೆ, ಸೋಡ ಬಂಧವನ್ನು ಕೂಡಿಸುತ್ತದೆ.

ಒಳ್ಳೆಯ ಬಟ್ಟೆಯೂ ಮೊದಲ ಒಗೆತದಲ್ಲಿ ಸ್ವಲ್ಪ ಬಣ್ಣ ಬಿಡುವುದಕ್ಕೆ ಕಾರಣ ಇಲ್ಲಿಯೇ ಇದೆ. ನೀರಿನಲ್ಲೂ ಹೈಡ್ರಾಕ್ಸಿಲ್ ಗುಂಪು ಇರುವುದರಿಂದ ಬಣ್ಣದ ಒಂದು ಪಾಲು ನಾರನ್ನು ಬಿಟ್ಟು ನೀರಿನೊಂದಿಗೇ ಬಂಧ ಬೆಳೆಸಿ ವ್ಯರ್ಥವಾಗುತ್ತದೆ. ಹೀಗೆ ಕೆಲಸಕ್ಕೆ ಬಾರದೆ ಉಳಿದ ಬಣ್ಣವನ್ನು ಕಾರ್ಖಾನೆ ಬಿಸಿ ಸೋಪು ನೀರಿನಲ್ಲಿ ಹಲವು ಬಾರಿ ತೊಳೆದು ತೆಗೆಯಬೇಕು. ಒಂದು ತೊಳೆತ ಉಳಿಸಿದರೆ ಅದು ನಮ್ಮ ಮನೆಯಲ್ಲಿ ಬಿಡುತ್ತದೆ. ಕಾರ್ಖಾನೆ ಪ್ರಾಮಾಣಿಕವಾಗಿ ತೊಳೆದರೆ ಅದೇ ನೀರು, ಬಣ್ಣ ಮತ್ತು ಉಪ್ಪನ್ನು ಹೊತ್ತು, ಎಲ್ಲಿಗಾದರೂ ಹರಿಯಲೇಬೇಕು. ತಮಿಳುನಾಡಿನ ತಿರುಪ್ಪೂರಿನಲ್ಲಿ ಅದು ನೊಯ್ಯಲ್ ನದಿಗೆ ಹರಿದು, ಕೆಳಗಿನ ಹಳ್ಳಿಗಳ ಬಾವಿಗಳು ಉಪ್ಪಾಗಿ, ಬೆಳೆ ಕೆಟ್ಟು, ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿದ ಬಳಿಕವೇ, ಒಂದು ಹನಿಯನ್ನೂ ಹೊರಬಿಡದೆ ನೀರನ್ನು ಶುದ್ಧೀಕರಿಸಿ ಮರುಬಳಸುವ ವ್ಯವಸ್ಥೆ ಅಲ್ಲಿ ಗಂಭೀರವಾಗಿ ಬೇರೂರಿತು. ಬಣ್ಣ ಗಟ್ಟಿಯಾದುದು ಒಂದು ಸಾಧನೆಯಾದರೆ, ಆ ಬಣ್ಣದ ನೀರನ್ನು ತಡೆದುದು ಅದಕ್ಕಿಂತ ಸಣ್ಣ ಸಾಧನೆಯೇನಲ್ಲ. ಈ ಎರಡನೆಯದಕ್ಕೆ ಅರ್ಧ ಶತಮಾನ ಕಾಯಬೇಕಾಗಿ ಬಂತು.

ಮುದುರು, ಇಸ್ತ್ರಿ ಮತ್ತು ಟೆರಿಕಾಟ್

ಮುದುರುವುದು ಕೂಡ ಹೈಡ್ರೋಜನ್ ಬಂಧಗಳ ಆಟ. ಕುಳಿತಾಗ ಮೊಣಕಾಲಿನ ಹಿಂದೆ ಬಟ್ಟೆ ಮಡಿಯುತ್ತದೆ. ಬೆವರಿನ ತೇವ ಅಲ್ಲಿನ ಬಂಧಗಳನ್ನು ಬಿಡಿಸುತ್ತದೆ, ಸರಪಳಿಗಳು ಒಂದರ ಮೇಲೊಂದು ಜಾರುತ್ತವೆ, ಒಣಗುವಾಗ ಹೊಸ ಜಾಗದಲ್ಲಿ ಹೊಸ ಬಂಧಗಳು ಬೆಳೆಯುತ್ತವೆ. ಮಡಿಕೆ ಅಲ್ಲೇ ನಿಲ್ಲುತ್ತದೆ. ಇಸ್ತ್ರಿಯೂ ಇದೇ ಕೆಲಸವನ್ನು ನಮಗೆ ಬೇಕಾದಂತೆ ಮಾಡುತ್ತದೆ. ಇಸ್ತ್ರಿ ಮಾಡುವವರು ಬಟ್ಟೆಗೆ ನೀರು ಚಿಮುಕಿಸುವುದು ಬಂಧಗಳನ್ನು ಬಿಡಿಸಲು, ಕೆಂಡದ ಪೆಟ್ಟಿಗೆಯ ಬಿಸಿಯಲ್ಲಿ ಒತ್ತುವುದು ಅವನ್ನು ನೇರ ಸ್ಥಿತಿಯಲ್ಲಿ ಮತ್ತೆ ಕೂಡಿಸಲು.

ಇದಕ್ಕೆ ಭಾರತದ ಮಧ್ಯಮವರ್ಗ ಮೊದಲು ಕಂಡ ಪರಿಹಾರ ಟೆರಿಕಾಟ್. ಮ್ಯಾಂಚೆಸ್ಟರ್‌ನ ಕ್ಯಾಲಿಕೊ ಪ್ರಿಂಟರ್ಸ್ ಸಂಸ್ಥೆಗೆ ದುಡಿಯುತ್ತಿದ್ದ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ರೂಪಿಸಿದ ಪಾಲಿಸ್ಟರ್ ನಾರು ಬ್ರಿಟನ್ನಿನಲ್ಲಿ ಟೆರಿಲಿನ್ ಎಂಬ ಹೆಸರು ಪಡೆದಿತ್ತು. ಅದನ್ನು ಹತ್ತಿಯೊಂದಿಗೆ, ಸಾಮಾನ್ಯವಾಗಿ ಎರಡು ಪಾಲಿಗೆ ಒಂದು ಪಾಲಿನಂತೆ, ಬೆರೆಸಿ ನೂತದ್ದೇ ಟೆರಿಕಾಟ್. ಪಾಲಿಸ್ಟರ್‌ಗೆ ನೀರು ಹೊಗುವುದಿಲ್ಲವಾದ್ದರಿಂದ ತೇವಕ್ಕೆ ಅದರ ಬಂಧಗಳು ಬಿಡುವುದಿಲ್ಲ. ಅದರ ಅಣುಗಳು ಸಡಿಲಗೊಳ್ಳಬೇಕಾದರೆ 70–80 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಕಾರ್ಖಾನೆಯಲ್ಲಿ 180 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಒಮ್ಮೆ ಕೂರಿಸಿದ ಪ್ಯಾಂಟಿನ ಗೆರೆ ಮೈಬಿಸಿಗಾಗಲಿ ತಣ್ಣೀರಿಗಾಗಲಿ ಜಗ್ಗದಿರುವುದು ಹೀಗೆ. ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದರೆ ಅದೇ ಬಟ್ಟೆ ಶಾಶ್ವತವಾಗಿ ಮುದುರುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಕೃತಕ ನಾರಿಗೆ ಭಾರಿ ತೆರಿಗೆಯಿದ್ದ ಕಾಲದಲ್ಲಿ ಟೆರಿಕಾಟ್ ಅಂಗಿ ಪ್ರತಿಷ್ಠೆಯ ವಸ್ತು. 1985ರ ಜವಳಿ ನೀತಿ ಗಿರಣಿಗಳಿಗೆ ಯಾವ ನಾರನ್ನಾದರೂ ಬಳಸುವ ಸ್ವಾತಂತ್ರ್ಯ ಕೊಟ್ಟು, ತೆರಿಗೆಯ ಭಾರ ಇಳಿದ ಮೇಲೆ ಅದು ಎಲ್ಲರ ಅಂಗಿಯಾಯಿತು.

ಹತ್ತಿಯನ್ನು ಬಿಡದೆಯೇ ಮುದುರು ತಡೆಯುವ ದಾರಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಸರ್ಕಾರಿ ಪ್ರಯೋಗಾಲಯದಲ್ಲಿ ರೂಪುಗೊಂಡಿತು. 1950 ಮತ್ತು 60ರ ದಶಕಗಳಲ್ಲಿ ಅಲ್ಲಿ ಕೆಲಸ ಮಾಡಿದ ರೂತ್ ಬೆನೆರಿಟೊ ಅವರ ಹೆಸರು ಈ ಸಂಶೋಧನೆಯೊಂದಿಗೆ ಮುಖ್ಯವಾಗಿ ತಳಕುಹಾಕಿಕೊಂಡಿದೆ. ಅಕ್ಕಪಕ್ಕದ ಎರಡು ಸೆಲ್ಯುಲೋಸ್ ಸರಪಳಿಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಗಟ್ಟಿಯಾದ ಅಡ್ಡಕೊಂಡಿಗಳನ್ನು ಕೂರಿಸಿದರೆ, ನೀರು ಹೈಡ್ರೋಜನ್ ಬಂಧಗಳನ್ನು ಬಿಡಿಸಿದರೂ ಸರಪಳಿಗಳು ಜಾರಲಾರವು ಎಂಬುದು ಇಲ್ಲಿನ ತತ್ತ್ವ. ಇಂದು ‘ರಿಂಕಲ್ ಫ್ರೀ’ ಎಂದು ಮಾರುವ ಹತ್ತಿ ಅಂಗಿ, ಪ್ಯಾಂಟುಗಳಿಗೆ ಸಾಮಾನ್ಯವಾಗಿ ಈ ಅಡ್ಡಕೊಂಡಿಗಳನ್ನು ಕೂರಿಸುವ ರಾಳ ಕುಡಿಸಿ ಬೇಯಿಸಿರುತ್ತಾರೆ. ಆದರೆ ಅಡ್ಡಕೊಂಡಿ ಬಿದ್ದ ನಾರು ಬಳುಕುವ ಗುಣ ಕಳೆದುಕೊಂಡು ಪೆಡಸಾಗುತ್ತದೆ, ಅದರ ಬಲ ಗಣನೀಯವಾಗಿ ಕುಸಿಯುತ್ತದೆ. ಇಂಥ ಅಂಗಿಯ ಕಾಲರಿನ ಮಡಿಕೆ ಮತ್ತು ಕಫ್‌ನ ಅಂಚು ಬೇಗ ಸವೆದು ಹರಿಯುವುದನ್ನು ಗಮನಿಸಿದವರಿಗೆ ಕಾರಣ ಈಗ ಹೊಳೆದೀತು. ರಾಳದಿಂದ ಚರ್ಮಕ್ಕೆ ಕಿರಿಕಿರಿ ತರುವ ಫಾರ್ಮಾಲ್ಡಿಹೈಡ್ ಅನಿಲ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುವುದು ಇನ್ನೊಂದು ತೊಡಕು. ಈಚಿನ ರಾಳಗಳಲ್ಲಿ ಅದು ಬಹಳ ಕಡಿಮೆಯಾಗಿದೆ, ಆದರೂ ಇಂಥ ಬಟ್ಟೆಯನ್ನು ಒಮ್ಮೆ ಒಗೆದೇ ತೊಡುವುದು ಲೇಸು.

ಬೆವರಿನ ಪ್ರಶ್ನೆ

ಟೆರಿಲಿನ್ ಅಂಗಿ ಮುದುರಲಿಲ್ಲ, ಆದರೆ ಸೆಕೆಯಲ್ಲಿ ಅದನ್ನು ತೊಟ್ಟವರು ಪಟ್ಟ ಪಾಡು ಸಣ್ಣದಲ್ಲ. ನೀರನ್ನು ಹೀರದ, ದಪ್ಪನೆಯ, ನುಣುಪಾದ ದುಂಡು ನಾರುಗಳಿಂದಾದ ಆ ಬಟ್ಟೆ ಬೆವರನ್ನು ಮೈಮೇಲೆಯೇ ನಿಲ್ಲಿಸುತ್ತಿತ್ತು. ಅದೇ ಪಾಲಿಸ್ಟರ್‌ನಿಂದ ಇಂದು ಓಟಗಾರರ, ಕ್ರಿಕೆಟಿಗರ ಅಂಗಿಗಳು ತಯಾರಾಗುತ್ತವೆ. ರಾಸಾಯನಿಕವಾಗಿ ನಾರು ಬದಲಾಗಿಲ್ಲ. ಬದಲಾದದ್ದು ಅದರ ಗಾತ್ರ ಮತ್ತು ಆಕಾರ.

ನಾರಿನ ಸಪೂರತೆಯನ್ನು ಡೆನಿಯರ್ ಎಂಬ ಮಾನದಿಂದ ಅಳೆಯುತ್ತಾರೆ: 9,000 ಮೀಟರ್ ಉದ್ದದ ನಾರು 1 ಗ್ರಾಂ ತೂಗಿದರೆ ಅದು 1 ಡೆನಿಯರ್. ರೇಷ್ಮೆಹುಳು ಬಿಡುವ ಒಂಟಿ ಎಳೆ ಇದಕ್ಕಿಂತ ತುಸು ದಪ್ಪ. ಒಂದು ಡೆನಿಯರ್‌ಗಿಂತ ತೆಳುವಾದ ನಾರೇ ಮೈಕ್ರೊಫೈಬರ್, ಅಂದರೆ ರೇಷ್ಮೆಗಿಂತ ಸಪೂರ. ಜಪಾನಿನ ಟೊರೆ ಕಂಪನಿ 1970ರಲ್ಲಿ ಇಂಥ ನಾರಿನಿಂದ ತೊಗಲಿನ ಹೋಲಿಕೆಯ ಬಟ್ಟೆಯನ್ನು ತಯಾರಿಸಿತು. ಮುಂದೆ ಈ ತಂತ್ರ ಅಂಗಿ, ಸೀರೆ, ಟವೆಲ್ಲುಗಳಿಗೂ ಹರಡಿತು. ನಾರು ಸಪೂರವಾದಷ್ಟೂ ಬಟ್ಟೆ ಮೆದುವಾಗುತ್ತದೆ, ನಾರುಗಳ ನಡುವಿನ ಕಿರಿದಾದ ಸಂದುಗಳು ಹೆಚ್ಚುತ್ತವೆ. ಜೊತೆಗೆ, ನಾರನ್ನು ಸುರಿಸುವ ತೂತಿನ ಆಕಾರ ಬದಲಿಸಿ ನಾರಿನ ಉದ್ದಕ್ಕೂ ಕಾಲುವೆಗಳನ್ನು ಮೂಡಿಸಬಹುದು ಎಂಬುದೂ ಸಾಬೀತಾಯಿತು. ಡ್ಯುಪಾಂಟ್ ಕಂಪನಿ 1986ರಲ್ಲಿ ತಂದ ಕೂಲ್‌ಮ್ಯಾಕ್ಸ್ ಇದಕ್ಕೆ ಹೆಸರಾಂತ ಉದಾಹರಣೆ.

ಈ ಸಂದುಗಳೂ ಕಾಲುವೆಗಳೂ ಬೆವರನ್ನು ಹೀರುವುದಿಲ್ಲ, ಸಾಗಿಸುತ್ತವೆ. ಹಳೆಯ ಹತ್ತಿ ಬನಿಯನ್ ಒಂದರ ಮೇಲೂ ಕ್ರೀಡೆಯ ಟೀ ಶರ್ಟಿನ ಒಳಮೈ ಮೇಲೂ ಒಂದೊಂದು ಹನಿ ನೀರು ಬಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬನಿಯನ್ ಮೇಲೆ ಹನಿ ನಾಣ್ಯದಷ್ಟು ಅಗಲಕ್ಕೆ ಇಂಗಿ, ಬಹಳ ಹೊತ್ತು ತಣ್ಣಗೆ ಒದ್ದೆಯಾಗಿಯೇ ಇರುತ್ತದೆ. ಟೀ ಶರ್ಟಿನ ಮೇಲೆ ಅದೇ ಹನಿ ಅದಕ್ಕಿಂತ ಬಹಳ ಅಗಲಕ್ಕೆ ಹರಡಿ, ಹೊರಮೈಯಲ್ಲಿ ತೇವ ಕಾಣಿಸಿಕೊಂಡು, ಬೇಗನೆ ಆರಿಹೋಗುತ್ತದೆ. ಹರಡಿದ ನೀರಿಗೆ ಗಾಳಿ ತಾಗುವ ಜಾಗ ಹೆಚ್ಚು; ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖವನ್ನು ಒಯ್ಯುತ್ತದೆ. ಮೈ ತಂಪಾಗುವುದು ಇದರಿಂದ.

ಆದರೆ ಆವಿಯಾಗಲು ಗಾಳಿಯಲ್ಲಿ ಜಾಗ ಬೇಕು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಬೇಸಗೆಯ ಕಲಬುರಗಿಯ ಒಣಗಾಳಿಯಲ್ಲಿ ತೆಳು ಹತ್ತಿಯೂ ಬೇಗ ಆರುತ್ತದೆ. ಮೇ ತಿಂಗಳ ಮಂಗಳೂರಿನಲ್ಲಿ, ಗಾಳಿಯೇ ನೀರುಂಡಿರುವಾಗ, ಯಾವ ಕಾಲುವೆಯ ನಾರೂ ಹೆಚ್ಚೇನೂ ಮಾಡಲಾರದು. ಅಲ್ಲಿ ಸಡಿಲವಾದ, ಗಾಳಿಯಾಡುವ ಉಡುಪೇ ನಾರಿನ ಜಾತಿಗಿಂತ ಮುಖ್ಯ. ಬಟ್ಟೆ ಮೆದುವಾಗಿಸಲು ಕೊನೆಯಲ್ಲಿ ಹಾಕುವ ದ್ರವ ಈ ಸಂದುಗಳಿಗೆ ಜಿಡ್ಡಿನ ಲೇಪ ಕೊಟ್ಟು ಇಡೀ ವ್ಯವಸ್ಥೆಯನ್ನೇ ಕೆಡಿಸುತ್ತದೆ ಎಂಬುದನ್ನೂ ತಿಳಿದಿರಬೇಕು. ಪಾಲಿಸ್ಟರ್‌ಗೆ ನೀರು ಆಗದಿದ್ದರೂ ಎಣ್ಣೆಜಿಡ್ಡು ಚೆನ್ನಾಗಿ ಆಗುತ್ತದೆ. ಮೈಯ ಜಿಡ್ಡು ಅದಕ್ಕೆ ಅಂಟಿ ವಾಸನೆ ಉಳಿಯುವುದು ಹತ್ತಿಗಿಂತ ಹೆಚ್ಚು. ಇನ್ನೊಂದು ಮಾತು ಅಡುಗೆಮನೆಗೆ ಸಂಬಂಧಿಸಿದ್ದು. ಒಂದು ಎಳೆಯನ್ನು ಉರಿಗೆ ಹಿಡಿದರೆ ಹತ್ತಿ ಉರಿದು ಹಗುರ ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿಯಾದ ಕಪ್ಪು ಮಣಿಯಾಗುತ್ತದೆ. ಹತ್ತಿಗೂ ಬೆಂಕಿ ಬೇಗ ಹತ್ತುತ್ತದೆ, ನಿಜ. ಆದರೆ ಕರಗಿದ ಪಾಲಿಸ್ಟರ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಒಲೆಯ ಮುಂದೆ ಹತ್ತಿ ಸೀರೆಯೇ ಇರಲಿ ಎಂಬ ಹಿರಿಯರ ಕಟ್ಟುನಿಟ್ಟಿನಲ್ಲಿ ಹುರುಳಿದೆ.

ನೂಲು ನಯವಾದದ್ದು

ರಸಾಯನವಿಜ್ಞಾನದಷ್ಟು ಸದ್ದು ಮಾಡದ ಸುಧಾರಣೆಗಳು ಹೊಲದಲ್ಲೂ ನೂಲುವ ಗಿರಣಿಯಲ್ಲೂ ಆದವು. ಸಪೂರವಾದ ನೂಲಿಗೆ ಉದ್ದನೆಯ ನಾರು ಬೇಕು. ಉತ್ತರ ಕರ್ನಾಟಕದ ಕಪ್ಪುನೆಲದಲ್ಲಿ ಬೆಳೆಯುತ್ತಿದ್ದ ಜಯಧರದಂಥ ದೇಸಿ ಹತ್ತಿಯ ನಾರು ಗಿಡ್ಡವೂ ಒರಟೂ ಆಗಿದ್ದು, ಅದರಿಂದ ದಪ್ಪ ನೂಲನ್ನಷ್ಟೇ ತೆಗೆಯಬಹುದಿತ್ತು. ಧಾರವಾಡದ ಕೃಷಿ ವಿಜ್ಞಾನಿಗಳು ಹತ್ತಿಯ ಎರಡು ಪ್ರಭೇದಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿಯನ್ನೂ 1981ರಲ್ಲಿ ಜಯಲಕ್ಷ್ಮಿ ಎಂದೂ ಕರೆಯುವ ಡಿಸಿಎಚ್-32 ತಳಿಯನ್ನೂ ಹೊರತಂದರು. ನವಿರಾದ ಬಟ್ಟೆಗೆ ಬೇಕಾದ ಉದ್ದನಾರಿನ ಹತ್ತಿಗೆ ಹೊರದೇಶಗಳತ್ತ ನೋಡುತ್ತಿದ್ದ ಗಿರಣಿಗಳಿಗೆ ಇದು ದೊಡ್ಡ ಆಸರೆಯಾಯಿತು. ನೂಲಿನ ಕೌಂಟ್ ಎಂದರೆ ಒಂದು ಪೌಂಡ್ ನೂಲಿನಲ್ಲಿ 840 ಗಜದ ಎಷ್ಟು ಲಡಿಗಳಿವೆ ಎಂಬ ಲೆಕ್ಕ. ಸಂಖ್ಯೆ ಹೆಚ್ಚಿದಷ್ಟೂ ನೂಲು ಸಪೂರ.

ಗಿರಣಿಯಲ್ಲಿ ನೂಲು ಕಡಿದಾಗ ಹಿಂದೆ ಗಂಟು ಹಾಕುತ್ತಿದ್ದರು. ಹಳೆಯ ಪಾಪ್ಲಿನ್ ಮೇಲೆ ಕೈಯಾಡಿಸಿದರೆ ಆ ಗಂಟುಗಳು ಬೆರಳಿಗೆ ತಾಗುತ್ತಿದ್ದವು. ಈಗ ಯಂತ್ರವೇ ಕಡಿದ ಎರಡು ತುದಿಗಳ ಹುರಿ ಬಿಚ್ಚಿ, ಗಾಳಿಯ ರಭಸದಲ್ಲಿ ಅವನ್ನು ಒಂದರೊಳಗೊಂದು ಹೆಣೆದುಬಿಡುತ್ತದೆ. ನೂಲಿನ ದಪ್ಪವನ್ನು ವಿದ್ಯುನ್ಮಾನ ಕಣ್ಣು ಉದ್ದಕ್ಕೂ ಕಾಯುತ್ತಿದ್ದು, ಉಬ್ಬು ತಗ್ಗು ಕಂಡಲ್ಲಿ ಕತ್ತರಿಸಿ ಸರಿಪಡಿಸುತ್ತದೆ. ಲಾಳಿಯ ಬದಲು ಗಾಳಿಯ ಚಿಮ್ಮುವಿಕೆಯಿಂದಲೇ ಹೊಕ್ಕನ್ನು ಹಾಯಿಸುವ ಮಗ್ಗಗಳು ಬಂದ ಮೇಲೆ ನೇಯ್ಗೆಯ ವೇಗ ಹಲವು ಪಟ್ಟಾಯಿತು. ವೇಗ ಹೆಚ್ಚಿದರೆ ನೂಲು ಅಷ್ಟೇ ಸಮನಾಗಿರಬೇಕಾಗುವುದರಿಂದ ಒಂದರ ಸುಧಾರಣೆ ಇನ್ನೊಂದನ್ನು ಎಳೆದುಕೊಂಡು ಬಂತು.

ಬಟ್ಟೆಯ ಮೇಲೆ ಸಣ್ಣ ಸಣ್ಣ ಉಂಡೆಗಳೇಳುವುದರ ವಿವರಣೆ ತಮಾಷೆಯಾಗಿದೆ. ನೂಲಿನಿಂದ ಹೊರಚಾಚಿದ ನಾರುಗಳು ಉಜ್ಜಾಟಕ್ಕೆ ಸುತ್ತಿಕೊಂಡು ಉಂಡೆಗಟ್ಟುತ್ತವೆ. ಹತ್ತಿಯಲ್ಲಿ ಉಂಡೆಯನ್ನು ಹಿಡಿದಿರುವ ನಾರು ಬೇಗ ತುಂಡಾಗಿ ಉಂಡೆ ಉದುರಿಹೋಗುತ್ತದೆ. ಪಾಲಿಸ್ಟರ್ ಬೆರೆತಲ್ಲಿ ನಾರು ಬಲವಾಗಿರುವುದರಿಂದಲೇ ಉಂಡೆ ಉಳಿದುಬಿಡುತ್ತದೆ. ನಾರಿನ ಗಟ್ಟಿತನವೇ ಇಲ್ಲಿ ದೋಷ. ಹೊರಚಾಚಿದ ನಾರುಗಳನ್ನು ನೂಲುವಾಗಲೇ ಒತ್ತಿ ಒಳಸೇರಿಸುವ ಕಾಂಪ್ಯಾಕ್ಟ್ ನೂಲುವಿಕೆ 1990ರ ದಶಕದ ಕೊನೆಯಿಂದ ಹರಡಿತು. ಸೆಲ್ಯುಲೇಸ್ ಎಂಬ ಕಿಣ್ವದಿಂದ ಬಟ್ಟೆಯ ಮೇಲ್ಮೈಯ ಹತ್ತಿ ತುದಿಗಳನ್ನು ತಿನ್ನಿಸಿ ನುಣುಪುಗೊಳಿಸುವ ಕ್ರಮವೂ ಹೆಚ್ಚುಕಡಿಮೆ ಅದೇ ಕಾಲದ್ದು. ಜೀನ್ಸ್‌ಗೆ ಮಾಸಲು ಕಳೆ ತರಲು ಕಲ್ಲಿನೊಂದಿಗೆ ಉರುಳಿಸುತ್ತಿದ್ದುದರ ಬದಲಿಗೆ ಇದೇ ಕಿಣ್ವ ಬಂದು ಕಾರ್ಖಾನೆಗಳಲ್ಲಿ ಪುಡಿಗಲ್ಲಿನ ರಾಡಿ ಕಡಿಮೆಯಾಯಿತು.

ಜೀನ್ಸ್‌ನ ಮಾತು ಬಂದುದರಿಂದ ಹಿಗ್ಗುವ ಗುಣವನ್ನೂ ಹೇಳಬೇಕು. ಡ್ಯುಪಾಂಟ್‌ನ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದ, ಲೈಕ್ರಾ ಹೆಸರಿನಲ್ಲಿ ಪರಿಚಿತವಾದ ಎಲಾಸ್ಟೇನ್ ನಾರು ತನ್ನ ಉದ್ದದ ಐದಾರು ಪಟ್ಟು ಹಿಗ್ಗಿ ಮರಳಬಲ್ಲದು. ಅದರ ಸಪೂರ ಎಳೆಯನ್ನು ನಡುವೆ ಇಟ್ಟು ಸುತ್ತ ಹತ್ತಿಯನ್ನು ಹೊದಿಸಿ ನೂಲುತ್ತಾರೆ. ಚರ್ಮಕ್ಕೆ ತಾಗುವುದು ಹತ್ತಿಯೇ, ಬಗ್ಗುವಾಗ ಒಡನೆ ಹಿಗ್ಗುವುದು ಒಳಗಿನ ಎಳೆ. ಶೇ. 2–3ರಷ್ಟಿದ್ದರೂ ಸಾಕು, ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮಂಥವರಿಗೆ ಪ್ಯಾಂಟಿನ ಬಿಗಿತ ಕಾಡುವುದಿಲ್ಲ. ಬಿಸಿ ಮತ್ತು ಬ್ಲೀಚಿಂಗ್ ಪುಡಿ ಎರಡೂ ಇದರ ಶತ್ರುಗಳು. ಕೆಲವು ವರ್ಷಗಳ ಬಳಿಕ ಮೊಣಕಾಲಿನಲ್ಲಿ ಬಟ್ಟೆ ಜೋತುಬಿದ್ದು ಅಲೆಯಲೆಯಾದರೆ, ಹತ್ತಿ ಗಟ್ಟಿಯಿದ್ದರೂ ಒಳಗಿನ ಎಲಾಸ್ಟೇನ್ ಸತ್ತಿದೆ ಎಂದೇ ಅರ್ಥ. ಹಳೆಯ ದಪ್ಪ ಜೀನ್ಸ್ ಹತ್ತು ವರ್ಷ ಬಂದಿತೆನ್ನುವವರ ಮಾತು ಬರೀ ಹಳಹಳಿಕೆಯಲ್ಲ.

ಬೆಲೆ ಎಲ್ಲಿ ತೆತ್ತದ್ದು

ಮರದ ತಿರುಳಿನಿಂದ ತೆಗೆಯುವ ವಿಸ್ಕೋಸ್ ಅಥವಾ ರೇಯಾನ್ ಕೂಡ ಸೆಲ್ಯುಲೋಸೇ. ಅದರ ತಯಾರಿಕೆ ಕರ್ನಾಟಕಕ್ಕೆ ದೂರದ ಸಂಗತಿಯಲ್ಲ. ಹರಿಹರದ ಬಳಿ, ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ತಿರುಳು ಮತ್ತು ನಾರಿನ ಕಾರ್ಖಾನೆಗಳಿವೆ. ನದಿಯ ನೀರಿನ ಮಾಲಿನ್ಯ, ತಿರುಳಿಗಾಗಿ ನೀಲಗಿರಿ ನೆಡಲು ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಕೊಟ್ಟದ್ದು, ಇವೆರಡರ ಸುತ್ತ 1980ರ ದಶಕದಲ್ಲಿ ಎದ್ದ ಜನಾಂದೋಲನ, ಅದರಲ್ಲೂ 1987ರಲ್ಲಿ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಉಪಯುಕ್ತ ಗಿಡ ಹಚ್ಚಿದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ, ರಾಜ್ಯದ ಪರಿಸರ ಹೋರಾಟದ ಇತಿಹಾಸದಲ್ಲಿ ದಾಖಲಾಗಿದೆ. ವಿಸ್ಕೋಸ್ ತಯಾರಿಕೆಯಲ್ಲಿ ವಿಷಕಾರಿಯಾದ ಕಾರ್ಬನ್ ಡೈಸಲ್ಫೈಡ್ ಬೇಕು, ಮತ್ತು ಆ ನಾರು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. 1990ರ ದಶಕದ ಆರಂಭದಲ್ಲಿ ಕೋರ್ಟಾಲ್ಡ್ಸ್ ಕಂಪನಿ ಟೆನ್ಸೆಲ್ ಹೆಸರಿನಲ್ಲಿ ತಂದ ಲಯೊಸೆಲ್‌ನಲ್ಲಿ ಈ ಎರಡು ದೋಷಗಳೂ ಬಹುಮಟ್ಟಿಗೆ ನೀಗಿವೆ. ಅಲ್ಲಿ ತಿರುಳನ್ನು ಕರಗಿಸುವ ದ್ರಾವಕದ ಶೇ. 99ಕ್ಕೂ ಹೆಚ್ಚಿನ ಪಾಲನ್ನು ಹಿಂಪಡೆದು ಮತ್ತೆ ಬಳಸುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಪಟ್ಟಿಯಲ್ಲಿ ನೀರಿಗೆ ತೆತ್ತ ಬೆಲೆ ಕಡಿಮೆಯಾಗಿ ಸಿಕ್ಕ ಗುಣ ಹೆಚ್ಚಾಗಿರುವ ಸುಧಾರಣೆ ಇದೊಂದೇ. ಬೆಲೆಯ ಚೀಟಿ ಮಾತ್ರ ಇನ್ನೂ ಹತ್ತಿಗಿಂತ ಮೇಲಿದೆ.

ಮಳೆಯಂಗಿಯ ಮೇಲೆ ನೀರು ನಿಲ್ಲದಂತೆ ಕೊಡುವ ಲೇಪದ್ದು ಇದಕ್ಕೆ ವಿರುದ್ಧದ ಉದಾಹರಣೆ. ಹನಿಗಳನ್ನು ಉರುಳಿಸಿ ಬೀಳಿಸುತ್ತಿದ್ದ ಫ್ಲೋರಿನ್ ಸಂಯುಕ್ತಗಳು ಪ್ರಕೃತಿಯಲ್ಲಿ ಕೊಳೆಯುವುದೇ ಇಲ್ಲ. ಅವುಗಳ ತಯಾರಿಕೆಯೊಂದಿಗೆ ಸೇರಿಕೊಂಡಿದ್ದ ಪಿಎಫ್‌ಒಎ ಎಂಬ ವಸ್ತುವನ್ನು 2019ರಲ್ಲಿ, ಇಂಥ ಕೊಳೆಯದ ವಿಷವಸ್ತುಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿಸಲಾಯಿತು. ಅನೇಕ ತಯಾರಕರು ಈಗ ಮೇಣ ಅಥವಾ ಸಿಲಿಕೋನ್ ಆಧಾರಿತ ಲೇಪಗಳಿಗೆ ಮರಳಿದ್ದಾರೆ. ಅವು ಮಳೆಯನ್ನು ತಡೆಯುತ್ತವೆ, ಆದರೆ ಎಣ್ಣೆಯನ್ನು ತಡೆಯವು. ಬೆಂಗಳೂರಿನ ಜಡಿಮಳೆಗೆ ಇಷ್ಟು ಸಾಕು.

ಪಾಲಿಸ್ಟರ್ ಉತ್ಪಾದನೆ ಈ ಶತಮಾನದ ಆರಂಭದಲ್ಲಿ ಹತ್ತಿಯನ್ನು ಹಿಂದಿಕ್ಕಿ, ಈಗ ಜಗತ್ತಿನ ಒಟ್ಟು ನಾರಿನ ಅರ್ಧಕ್ಕಿಂತ ಹೆಚ್ಚಾಗಿದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದೇ ಉಡುಪಿನಿಂದ ಒಂದು ಒಗೆತದಲ್ಲಿ 1,900ಕ್ಕೂ ಹೆಚ್ಚು ನಾರುಗಳು ಕಳಚಿ ನೀರಿಗೆ ಸೇರಬಹುದೆಂದು ತೋರಿಸಿದ ಮೇಲೆ ಬಟ್ಟೆಯ ಪ್ಲಾಸ್ಟಿಕ್ ಕಣಗಳ ಪ್ರಶ್ನೆ ಜಗತ್ತಿನ ಗಮನಕ್ಕೆ ಬಂತು. ಬಾಟಲಿಗಳನ್ನು ಕರಗಿಸಿ ಅಂಗಿ ಮಾಡುವುದರಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ, ಏಕೆಂದರೆ ಬಾಟಲಿಯಿಂದ ಬಂದ ನಾರೂ ಅದೇ ಪಾಲಿಸ್ಟರ್ ಆಗಿದ್ದು ಒಗೆತದಲ್ಲಿ ಅಷ್ಟೇ ಸಲೀಸಾಗಿ ಕಳಚುತ್ತದೆ. ಹಳೆಯ ಬಟ್ಟೆಯಿಂದ ಹೊಸ ಬಟ್ಟೆ ಮಾಡುವುದು ಇನ್ನೂ ಕಷ್ಟ. ಹರಿಯಾಣದ ಪಾಣಿಪತ್ತಿನಲ್ಲಿ ದೇಶವಿದೇಶಗಳ ಹಳೆಯ ಉಣ್ಣೆ ಬಟ್ಟೆಗಳನ್ನು ಬಣ್ಣವಾರು ವಿಂಗಡಿಸಿ, ಹರಿದು, ಮತ್ತೆ ನೂತು ಕಂಬಳಿ ಮಾಡುವ ಉದ್ಯಮ ಬಹುಕಾಲದಿಂದ ನಡೆದುಬಂದಿದೆ. ಆದರೆ ಹರಿದಾಗಲೆಲ್ಲ ನಾರು ಗಿಡ್ಡವಾಗುವುದರಿಂದ ಕಂಬಳಿಗೆ ಸಲ್ಲುವ ನೂಲು ಅಂಗಿಗೆ ಸಲ್ಲುವುದಿಲ್ಲ. ಹತ್ತಿ, ಪಾಲಿಸ್ಟರ್, ಎಲಾಸ್ಟೇನ್ ಮೂರೂ ಒಂದೇ ನೂಲಿನಲ್ಲಿ ಹೆಣೆದುಕೊಂಡಿರುವ ಇಂದಿನ ಪ್ಯಾಂಟನ್ನು ಹರಿದು ಬೇರ್ಪಡಿಸಲು ಬರುವುದೇ ಇಲ್ಲ. ಒಂದನ್ನು ಕರಗಿಸಿ ಇನ್ನೊಂದನ್ನು ಉಳಿಸಿಕೊಳ್ಳುವ ರಾಸಾಯನಿಕ ವಿಧಾನಗಳೇ ಬೇಕು. ಪ್ರಯೋಗಾಲಯದಲ್ಲಿ ಅವು ಕೆಲಸ ಮಾಡುತ್ತವೆ, ಕಾರ್ಖಾನೆಯ ಮಟ್ಟದಲ್ಲಿ ನಡೆಯುತ್ತಿರುವವು ಇನ್ನೂ ವಿರಳ. ಅಲ್ಲಿಯೂ ಮೊದಲು ಕೈಕೊಡುವುದು ನಮ್ಮ ಪ್ಯಾಂಟಿಗೆ ಸುಖ ತಂದ ಆ ಶೇ. 2ರಷ್ಟು ಎಲಾಸ್ಟೇನೇ.